‘ಗೆಟ್’ ಎಂಬ ಒಂದೇ ಪದ: ಮುಂದೆ ಏನಿದೆ ಎಂದು ನೋಡಿ ಬಳಸುವ ಕ್ರಮ

ಗೋಕರ್ಣದ ಹೋಮ್‌ಸ್ಟೇಗೆ ಬರುವ ಅತಿಥಿ, ಕಾರವಾರದ ರೈಲು ನಿಲ್ದಾಣದಲ್ಲಿ ಆಟೊ ಕೇಳುವ ಪ್ರಯಾಣಿಕ, ಮುರ್ಡೇಶ್ವರದಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗುವ ಬೋಟ್ ಹುಡುಕುವವರು ಆಡುವ ಇಂಗ್ಲಿಷಿನಲ್ಲಿ ‘ಗೆಟ್’ ಮತ್ತೆ ಮತ್ತೆ ಬರುತ್ತದೆ. ಉತ್ತರ ಕೊಡುವ ನಮ್ಮವರ ಮಾತಿನಲ್ಲೂ ಬರುತ್ತದೆ, ಹಲವು ಸಲ ತಪ್ಪು ಜಾಗದಲ್ಲಿ. ನಿಘಂಟು ತೆರೆದರೆ ಈ ಪದಕ್ಕೆ ಪುಟಗಟ್ಟಲೆ ಅರ್ಥ. ಅವನ್ನು ಬಾಯಿಪಾಠ ಮಾಡಿದವರಿಗೆ ಮಾತಾಡುವ ಹೊತ್ತಿಗೆ ಯಾವುದೂ ನೆನಪಾಗುವುದಿಲ್ಲ. ಇಲ್ಲಿ ಹೇಳುತ್ತಿರುವ ಕ್ರಮ ಬೇರೆ: ಗೆಟ್ ಆದ ಮೇಲೆ ಬರುವ ಪದ ಯಾವ ಜಾತಿಯದು ಎಂದು ನೋಡುವುದು. ಅದು ವಸ್ತುವೋ, ಗುಣವೋ, ಜಾಗವೋ, ಕ್ರಿಯೆಯ ರೂಪವೋ ಎಂದು ಗೊತ್ತಾದರೆ ಅರ್ಥ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈ ಎಲ್ಲ ಅರ್ಥಗಳಿಗೂ ಬೇರು ಒಂದೇ. ಉತ್ತರ ಯುರೋಪಿನ ನಾರ್ಸ್ ಭಾಷೆಯ ‘ಗೆಟ’ ಎಂಬ ಕ್ರಿಯಾಪದ ಇಂಗ್ಲಿಷಿಗೆ ಬಂದು ‘ಗೆಟ್’ ಆಯಿತು. ಅಲ್ಲಿ ಅದರ ಅರ್ಥ ‘ಪಡೆ’. ‘ಫರ್‌ಗೆಟ್’ ಕೂಡ ಇದೇ ಕುಲದ್ದು. ವಸ್ತುವನ್ನು ಪಡೆಯುವುದು ಮೊದಲು, ಆಮೇಲೆ ಒಂದು ಸ್ಥಿತಿಯನ್ನು ಪಡೆಯುವುದು, ಒಂದು ಜಾಗವನ್ನು ಪಡೆಯುವುದು, ಇನ್ನೊಂದಕ್ಕೆ ಆ ಸ್ಥಿತಿ ಬರುವಂತೆ ಮಾಡುವುದು, ಹೀಗೆ ಅರ್ಥ ಹರಡಿಕೊಂಡಿತು. ಎಲ್ಲದರಲ್ಲೂ ಸಮಾನವಾದದ್ದು ಬದಲಾವಣೆ: ಮೊದಲು ಇರಲಿಲ್ಲ, ಈಗ ಬಂತು. ಇದ್ದದ್ದನ್ನು ಹೇಳಲು ಇಂಗ್ಲಿಷಿನಲ್ಲಿ ‘ಹ್ಯಾವ್’ ಮತ್ತು ‘ಬಿ’ ಇವೆ. ಬಂದದ್ದನ್ನು ಹೇಳಲು ‘ಗೆಟ್’. ಕೆಳಗೆ ಬರುವ ಅರ್ಧಕ್ಕರ್ಧ ತಪ್ಪುಗಳಿಗೆ ಕಾರಣ ಈ ಎರಡನ್ನು ಕಲಸಿಬಿಡುವುದೇ.

ಮೊದಲು ರೂಪ ಮತ್ತು ಉಚ್ಚಾರ

ಭೂತಕಾಲ ‘ಗಾಟ್’. ಮೂರನೇ ರೂಪ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಗಾಟ್’, ಅಮೆರಿಕದಲ್ಲಿ ಹೆಚ್ಚಾಗಿ ‘ಗಾಟನ್’. ಎರಡೂ ಸರಿ, ಆದರೆ ಒಂದೇ ಬರಹದಲ್ಲಿ ಬೆರೆಸಬೇಡಿ. ನಮ್ಮ ಶಾಲೆ-ಕಾಲೇಜಿನ ಪರೀಕ್ಷೆಗೆ ‘ಗಾಟ್’ ಸಾಕು. ‘ಗೆಟಿಂಗ್’ ಬರೆಯುವಾಗ ಎರಡು ‘ಟಿ’ ಬೇಕು. ಉಚ್ಚಾರದಲ್ಲಿ ಸ್ವರ ಹ್ರಸ್ವ. ಎಳೆದು ‘ಗೇಟ್’ ಎಂದರೆ ಕೇಳುವವರಿಗೆ ಬಾಗಿಲು ನೆನಪಾಗುತ್ತದೆ. ಅಮೆರಿಕದವರು ‘ಗೆಟ್ ಇಟ್’ ಎನ್ನುವುದು ನಮ್ಮ ಕಿವಿಗೆ ‘ಗೆಡಿಟ್’ ಎಂದು ಕೇಳುತ್ತದೆ. ಅದು ಬೇರೆ ಪದವಲ್ಲ.

ಮೊದಲ ಹೆಜ್ಜೆ: ಮುಂದೆ ವಸ್ತುವಿನ ಹೆಸರಿದ್ದರೆ

ಆಗ ಅರ್ಥ ‘ಪಡೆ’ಯ ಆಸುಪಾಸಿನಲ್ಲೇ ಇರುತ್ತದೆ. ಕನ್ನಡದಲ್ಲಿ ಅದು ಸಿಗು, ಬರು, ಕೊಳ್ಳು, ತಂದುಕೊಡು, ಹಿಡಿ ಎಂದು ಒಡೆಯುತ್ತದೆ.

‘ಐ ಗಾಟ್ ಯುವರ್ ಮೆಸೇಜ್’: ನಿಮ್ಮ ಮೆಸೇಜ್ ಬಂತು.
‘ವೇರ್ ಕ್ಯಾನ್ ಐ ಗೆಟ್ ಫ್ರೆಶ್ ಫಿಶ್?’: ತಾಜಾ ಮೀನು ಎಲ್ಲಿ ಸಿಗುತ್ತದೆ?
‘ಯು ವೋಂಟ್ ಗೆಟ್ ಎ ಸಿಗ್ನಲ್ ಹಿಯರ್’: ಇಲ್ಲಿ ಸಿಗ್ನಲ್ ಸಿಗುವುದಿಲ್ಲ. ಘಟ್ಟದ ಮೇಲಿನ ಹೋಮ್‌ಸ್ಟೇಯವರಿಗೆ ದಿನಾ ಬೇಕಾಗುವ ವಾಕ್ಯ.
‘ವಿ ಗಾಟ್ ದ ಸೆವೆನ್ ಓ ಕ್ಲಾಕ್ ಬಸ್’: ಏಳರ ಬಸ್ ಹಿಡಿದೆವು.
‘ಐ ಡೋಂಟ್ ಗೆಟ್ ಇಟ್’: ಅರ್ಥವಾಗಲಿಲ್ಲ.

ಅತಿಥಿಗಳ ಜೊತೆ ವ್ಯವಹರಿಸುವವರು ಒಂದು ಪ್ರಶ್ನೆಯನ್ನು ಚೆನ್ನಾಗಿ ರೂಢಿಸಿಕೊಳ್ಳಬೇಕು: ‘ಕ್ಯಾನ್ ಐ ಗೆಟ್ ಯು ಸಮ್ ಟೀ?’ ಅಂದರೆ ‘ನಿಮಗೆ ಚಾ ತರಲೇ?’ ಇದರಲ್ಲಿರುವ ‘ಯು’ ಬಿಟ್ಟು ‘ಕ್ಯಾನ್ ಐ ಗೆಟ್ ಸಮ್ ಟೀ?’ ಎಂದರೆ ಅರ್ಥ ತಿರುಗಿ ‘ನನಗೆ ಚಾ ಸಿಗಬಹುದೇ?’ ಎಂದಾಗುತ್ತದೆ. ಒಂದು ಸಣ್ಣ ಪದ ಬಿಟ್ಟದ್ದಕ್ಕೆ ಆತಿಥೇಯರೇ ಅತಿಥಿಯಾಗಿಬಿಡುತ್ತಾರೆ. ಕ್ರಮವೂ ಮುಖ್ಯ: ವ್ಯಕ್ತಿ ಮೊದಲು, ವಸ್ತು ಆಮೇಲೆ. ತಿರುಗಿಸಿ ಹೇಳುವುದಾದರೆ ‘ಫಾರ್’ ಬೇಕು: ‘ಗೆಟ್ ಎ ಟವೆಲ್ ಫಾರ್ ಮಿ’. ಅಲ್ಲಿ ‘ಟು ಮಿ’ ಸಲ್ಲದು.

ನಮ್ಮವರು ಎಡವುವ ದೊಡ್ಡ ಜಾಗ: ‘ನನಗೆ … ಬರುತ್ತಿದೆ’

ಕನ್ನಡದಲ್ಲಿ ಅನುಭವಗಳು ನಮ್ಮ ಹತ್ತಿರ ಬರುತ್ತವೆ. ನಿದ್ದೆ ಬರುತ್ತದೆ, ಜ್ವರ ಬರುತ್ತದೆ, ಸಿಟ್ಟು ಬರುತ್ತದೆ, ನೆನಪು ಬರುತ್ತದೆ, ಸಂಶಯ ಬರುತ್ತದೆ. ‘ನನಗೆ’ ಎಂಬ ಚತುರ್ಥಿ ಇಟ್ಟು ‘ಬರು’ ಸೇರಿಸಿದರೆ ಕೆಲಸ ಮುಗಿಯಿತು. ‘ನನಗೆ ಪತ್ರ ಬಂತು’ ಎಂಬುದು ‘ಐ ಗಾಟ್ ಎ ಲೆಟರ್’ ಆಗುವುದರಿಂದ, ಉಳಿದವಕ್ಕೂ ಅದೇ ಅಚ್ಚು ಹಾಕುತ್ತೇವೆ. ಅಚ್ಚು ಕೂರುವುದಿಲ್ಲ, ಏಕೆಂದರೆ ಇಂಗ್ಲಿಷಿನಲ್ಲಿ ಈ ಅನುಭವಗಳಲ್ಲಿ ಕೆಲವು ಮಾತ್ರ ಹೆಸರುಪದಗಳಾಗಿ ನಿಲ್ಲುತ್ತವೆ. ಉಳಿದವಕ್ಕೆ ಗುಣಪದ ಬೇಕು, ಇಲ್ಲವೇ ಬೇರೆಯೇ ಕ್ರಿಯಾಪದ.

ನಿದ್ದೆ ಬರುತ್ತಿದೆ: ‘ಐ ಆಮ್ ಗೆಟಿಂಗ್ ಸ್ಲೀಪ್’ ತಪ್ಪು, ‘ಐ ಆಮ್ ಗೆಟಿಂಗ್ ಸ್ಲೀಪಿ’ ಸರಿ. ‘ಐ ಡಿಡ್ ನಾಟ್ ಗೆಟ್ ಎನಿ ಸ್ಲೀಪ್’ ಕೂಡ ಸರಿ, ಆದರೆ ಅದರ ಅರ್ಥ ನಿದ್ದೆ ಮಾಡಲು ಆಗಲೇ ಇಲ್ಲ ಎಂದು.
ಸಿಟ್ಟು ಬಂತು: ‘ಐ ಗಾಟ್ ಆಂಗ್ರಿ’. ‘ಆಂಗರ್’ ಅಲ್ಲ.
ಜ್ವರ ಬಂದಿದೆ: ‘ಐ ಹ್ಯಾವ್ ಎ ಫೀವರ್’. ಈಗ ಇರುವ ಸ್ಥಿತಿ, ಆದ್ದರಿಂದ ‘ಹ್ಯಾವ್’. ಬರುವ ಲಕ್ಷಣವಿದ್ದರೆ ‘ಐ ಥಿಂಕ್ ಐ ಆಮ್ ಗೆಟಿಂಗ್ ಎ ಫೀವರ್’ ಎನ್ನಬಹುದು.
ಸಂಶಯ ಬಂತು: ತರಗತಿಯಲ್ಲಿ ಕೇಳುವುದಾದರೆ ‘ಐ ಹ್ಯಾವ್ ಎ ಕ್ವೆಶ್ಚನ್’. ‘ಐ ಆಮ್ ಗೆಟಿಂಗ್ ಎ ಡೌಟ್’ ಎಂದರೆ ನಮ್ಮ ದೇಶದ ಹೊರಗಿನವರು ನಿಮಗೆ ಅವರ ಮೇಲೆ ನಂಬಿಕೆಯಿಲ್ಲ ಎಂದುಕೊಳ್ಳಬಹುದು.
ನೆನಪು ಬಂತು: ‘ಐ ರಿಮೆಂಬರ್ಡ್’. ಇಲ್ಲಿ ಗೆಟ್‌ಗೆ ಜಾಗವೇ ಇಲ್ಲ.
ಹಸಿವಾಗಿದೆ: ‘ಐ ಆಮ್ ಹಂಗ್ರಿ’. ಹಸಿವಾಗುತ್ತಿದೆ: ‘ಐ ಆಮ್ ಗೆಟಿಂಗ್ ಹಂಗ್ರಿ’.
ಸಂಬಳ ಬರುತ್ತದೆ: ‘ಐ ಗೆಟ್ ಇಪ್ಪತ್ತು ಸಾವಿರ’ ಎಂಬ ಸರಳ ವರ್ತಮಾನ ಸಾಕು. ತಿಂಗಳು ತಿಂಗಳು ಆಗುವ ರೂಢಿಗೆ ‘ಐ ಆಮ್ ಗೆಟಿಂಗ್’ ಬೇಡ.

ಹೀಗೆ ಮಾಡಿ: ‘ನನಗೆ’ ಎಂದು ಶುರುವಾಗುವ ಕನ್ನಡ ವಾಕ್ಯ ಮನಸ್ಸಿನಲ್ಲಿ ಬಂದ ಕೂಡಲೇ ‘ಇದು ಈಗಾಗಲೇ ಇದೆಯೋ, ಈಗಷ್ಟೇ ಬರುತ್ತಿದೆಯೋ?’ ಎಂದು ಕೇಳಿಕೊಳ್ಳಿ. ಇದ್ದರೆ ‘ಹ್ಯಾವ್’ ಅಥವಾ ‘ಬಿ’. ಬರುತ್ತಿದ್ದರೆ ‘ಗೆಟ್’, ಜೊತೆಗೆ ಗುಣಪದ.

ಎರಡನೇ ಹೆಜ್ಜೆ: ಮುಂದೆ ಗುಣಪದವಿದ್ದರೆ

ಇಲ್ಲಿ ಗೆಟ್ ಎಂದರೆ ‘ಆಗು’. ‘ದ ಸೀ ಈಸ್ ಗೆಟಿಂಗ್ ರಫ್’, ಕಡಲು ಜೋರಾಗುತ್ತಿದೆ. ಬೋಟ್ ನಡೆಸುವವರು ಪ್ರವಾಸಿಗರಿಗೆ ಎಚ್ಚರಿಕೆ ಕೊಡಲು ಇಷ್ಟು ಗೊತ್ತಿದ್ದರೆ ಸಾಕು. ಇನ್ನೂ ಹೆಚ್ಚಾಗುತ್ತಿದ್ದರೆ ‘ಗೆಟಿಂಗ್ ರಫರ್’.

‘ಕತ್ತಲಾಗುತ್ತಿದೆ’ ಎಂಬ ಕನ್ನಡ ವಾಕ್ಯಕ್ಕೆ ಕರ್ತೃ ಬೇಕಿಲ್ಲ. ಇಂಗ್ಲಿಷ್ ಕರ್ತೃವಿಲ್ಲದೆ ನಿಲ್ಲುವುದಿಲ್ಲ, ಹಾಗಾಗಿ ‘ಇಟ್’ ತಂದು ಕೂರಿಸಬೇಕು: ‘ಇಟ್ಸ್ ಗೆಟಿಂಗ್ ಡಾರ್ಕ್’. ‘ತಡವಾಗುತ್ತಿದೆ’ ಎಂಬಲ್ಲಿ ಒಂದು ಸೂಕ್ಷ್ಮವಿದೆ. ಹೊತ್ತು ಮೀರುತ್ತಿದೆ ಎನ್ನಲು ‘ಇಟ್ಸ್ ಗೆಟಿಂಗ್ ಲೇಟ್’. ನಾನು ಹೋಗಬೇಕಾದಲ್ಲಿಗೆ ತಡವಾಗುತ್ತಿದೆ ಎನ್ನಲು ‘ಐ ಆಮ್ ರನಿಂಗ್ ಲೇಟ್’. ಎರಡನ್ನೂ ಸೇರಿಸಿ ‘ಐ ಆಮ್ ಗೆಟಿಂಗ್ ಲೇಟ್’ ಎನ್ನುವುದು ಭಾರತದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರಗಿನವರ ಕಿವಿಗೆ ಒರಟಾಗಿ ಕೇಳುತ್ತದೆ.

‘ಆಗು’ ಇರುವಲ್ಲೆಲ್ಲ ಗೆಟ್ ಹಾಕಿದರೆ ಮಾತ್ರ ಅಪಾಯ. ಮಗಳು ಡಾಕ್ಟರ್ ಆದಳು ಎನ್ನಲು ‘ಶಿ ಬಿಕೇಮ್ ಎ ಡಾಕ್ಟರ್’ ಎನ್ನಬೇಕು. ‘ಶಿ ಗಾಟ್ ಎ ಡಾಕ್ಟರ್’ ಎಂದರೆ ಡಾಕ್ಟರನ್ನು ಕರೆತಂದಳು ಎಂದಾಯಿತು. ಮುಂದೆ ಬಂದದ್ದು ಹೆಸರುಪದವಾದ್ದರಿಂದ ವಾಕ್ಯ ಮೊದಲ ಹೆಜ್ಜೆಗೆ ಜಾರಿತು, ಅಷ್ಟೇ. ಮೀನು, ಹಾಲು ಹಾಳಾದರೆ ‘ವೆಂಟ್ ಬ್ಯಾಡ್’.

ಮೂರನೇ ಹೆಜ್ಜೆ: ಮುಂದೆ ಜಾಗವಿದ್ದರೆ

‘ಹೌ ಡು ಐ ಗೆಟ್ ಟು ಓಂ ಬೀಚ್?’ ಎಂದರೆ ದಾರಿ ಕೇಳುವ ಮಾತು. ಊರಿನ ಹೆಸರಿಗೆ ಮೊದಲು ‘ಟು’ ಬೇಕು. ‘ಹೋಮ್’, ‘ಹಿಯರ್’, ‘ದೇರ್’, ‘ಬ್ಯಾಕ್’ ಇವುಗಳಿಗೆ ಮೊದಲು ಬೇಡ. ‘ಗಾಟ್ ಟು ಹೋಮ್’ ತಪ್ಪು, ‘ಗಾಟ್ ಹೋಮ್’ ಸರಿ. ಇದೇ ಅರ್ಥದ ‘ರೀಚ್’ಗೆ ‘ಟು’ ಹಾಕುವುದೇ ಇಲ್ಲ: ‘ವಿ ರೀಚ್ಡ್ ಕುಮಟಾ’, ‘ವಿ ಗಾಟ್ ಟು ಕುಮಟಾ’. ಈ ಎರಡು ಕ್ರಿಯಾಪದಗಳನ್ನು ಜೋಡಿಯಾಗಿ ಬರೆದಿಟ್ಟುಕೊಂಡರೆ ‘ರೀಚ್ ಟು’ ಎನ್ನುವ ಅಭ್ಯಾಸ ತಪ್ಪುತ್ತದೆ.

‘ಗೆಟ್ ಟು’ ಆದ ಮೇಲೆ ಜಾಗದ ಬದಲು ಕ್ರಿಯಾಪದ ಬಂದರೆ ಅರ್ಥ ‘ಅವಕಾಶ ಸಿಗು’. ‘ಡಿಡ್ ಯು ಗೆಟ್ ಟು ಸೀ ಯಕ್ಷಗಾನ?’ ಎಂದರೆ ಯಕ್ಷಗಾನ ನೋಡಲು ಸಿಕ್ಕಿತೇ ಎಂದು. ‘ಗೆಟ್ ಟು ನೋ’ ಎಂದರೆ ಪರಿಚಯ ಮಾಡಿಕೊಳ್ಳುವುದು.

ಹತ್ತುವುದು, ಇಳಿಯುವುದು

ಆಟೊ, ಬೋಟ್, ಟ್ಯಾಕ್ಸಿ ನಡೆಸುವವರಿಗೆ ಈ ಭಾಗ ಎಲ್ಲಕ್ಕಿಂತ ಮುಖ್ಯ. ಕನ್ನಡದಲ್ಲಿ ಯಾವ ವಾಹನವಾದರೂ ಹತ್ತು, ಇಳಿ. ಇಂಗ್ಲಿಷಿನಲ್ಲಿ ಎರಡು ಜೋಡಿ.

ಒಳಗೆ ನಿಂತು ಓಡಾಡಬಹುದಾದ ವಾಹನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’: ಬಸ್, ರೈಲು, ವಿಮಾನ, ಹಡಗು, ತದಡಿಯಿಂದ ಅಘನಾಶಿನಿಗೆ ಹೊಳೆ ದಾಟಿಸುವ ಬಾರ್ಜಿನಂಥವು. ಎರಡೂ ಬದಿಗೆ ಕಾಲು ಹಾಕಿ ಮೇಲೆ ಕೂರುವ ಬೈಕು, ಸೈಕಲ್ಲಿಗೂ ಇದೇ ಜೋಡಿ. ಬಗ್ಗಿ ಒಳಹೋಗಿ ಕೂರಲೇಬೇಕಾದ ವಾಹನಕ್ಕೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’: ಕಾರು, ಆಟೊ, ಜೀಪು, ಸಣ್ಣ ದೋಣಿ. ದೋಣಿ ದೊಡ್ಡದಾಗಿ ಮೇಲೆ ಓಡಾಡಲು ಜಾಗವಿದ್ದರೆ ‘ಆನ್’ ಆಗಿಬಿಡುತ್ತದೆ.

‘ಗೆಟ್ ಡೌನ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಮ್ಮ ಕಂಡಕ್ಟರು, ಡ್ರೈವರು, ಮೇಷ್ಟ್ರು ಎಲ್ಲರೂ ಬಸ್ಸಿನಿಂದ ಇಳಿಯುವುದಕ್ಕೆ ಇದನ್ನೇ ಹೇಳುತ್ತಾರೆ, ಭಾರತದೊಳಗೆ ತೊಂದರೆಯಿಲ್ಲ. ಹೊರಗಿನವರಿಗೆ ‘ಗೆಟ್ ಡೌನ್’ ಎಂದರೆ ಎತ್ತರದಿಂದ ಕೆಳಗೆ ಬಾ, ಇಲ್ಲವೇ ತಗ್ಗು, ಬಗ್ಗು. ದಾಂಡೇಲಿಯಲ್ಲಿ ಕಾಳಿ ನದಿಯ ರಾಫ್ಟಿಂಗ್‌ನಲ್ಲಿ ಇದು ಬರೀ ವ್ಯಾಕರಣದ ಮಾತಾಗಿ ಉಳಿಯುವುದಿಲ್ಲ. ರಾಫ್ಟ್ ಮೇಲೆ ಗೈಡ್ ‘ಗೆಟ್ ಡೌನ್!’ ಎಂದು ಕೂಗಿದರೆ ಅಂಚಿನಿಂದ ಸರಿದು ರಾಫ್ಟಿನ ತಳಕ್ಕೆ ಕುಕ್ಕರಿಸಿ ಹಗ್ಗ ಹಿಡಿಯಬೇಕು ಎಂದರ್ಥ. ಬಸ್ಸಿನ ಅರ್ಥ ತಲೆಯಲ್ಲಿಟ್ಟುಕೊಂಡವರು ಅಲ್ಲಿ ಇಳಿಯಲು ಹೊರಟರೆ ನೀರಿಗೇ ಬೀಳುತ್ತಾರೆ. ದಡ ಮುಟ್ಟಿದ ಮೇಲೆ ಇಳಿಸಲು ‘ಯು ಕ್ಯಾನ್ ಗೆಟ್ ಔಟ್ ನೌ, ಪ್ಲೀಸ್’ ಎನ್ನಿ. ಎರಡು ಆಜ್ಞೆಗಳನ್ನು ಬೇರೆ ಬೇರೆ ಇಡಿ.

ಹಾಗೆಂದು ‘ಗೆಟ್ ಔಟ್’ ಎರಡೇ ಪದ ಹೇಳಿ ನಿಲ್ಲಿಸಬೇಡಿ. ಅದು ‘ಆಚೆ ಹೋಗು’ ಎಂಬ ಗದರಿಕೆ. ‘ಪ್ಲೀಸ್’ ಇರಲಿ, ‘ಯು ಕ್ಯಾನ್’ ಇರಲಿ, ಯಾವ ಬದಿಯಿಂದ ಇಳಿಯಬೇಕು ಎಂಬುದೂ ಸೇರಲಿ: ‘ಪ್ಲೀಸ್ ಗೆಟ್ ಔಟ್ ಆನ್ ದ ಲೆಫ್ಟ್’. ‘ವಿ ಗಾಟ್ ಲಾಸ್ಟ್’ ಎಂದರೆ ದಾರಿ ತಪ್ಪಿತು ಎಂಬ ಸಾದಾ ಮಾತು, ‘ಗೆಟ್ ಲಾಸ್ಟ್!’ ಎಂದರೆ ಬೈಗುಳ.

ನಾಲ್ಕನೇ ಹೆಜ್ಜೆ: ಮುಂದೆ ಕ್ರಿಯೆಯ ಮೂರನೇ ರೂಪವಿದ್ದರೆ

‘ದ ನೆಟ್ ಗಾಟ್ ಟೋರ್ನ್’, ಬಲೆ ಹರಿಯಿತು. ‘ದ ಬಸ್ ಗಾಟ್ ಡಿಲೇಡ್’, ಬಸ್ ತಡವಾಯಿತು. ಅನಿರೀಕ್ಷಿತವಾಗಿ ಆದದ್ದಕ್ಕೆ ಈ ರೂಪ ಸಹಜ. ಘಟ್ಟದಲ್ಲಿ ಮಣ್ಣು ಕುಸಿದು ದಾರಿ ಮುಚ್ಚಿದ್ದರೆ, ಈಗಿನ ಸ್ಥಿತಿಗೆ ‘ದ ರೋಡ್ ಈಸ್ ಕ್ಲೋಸ್ಡ್’ ಎನ್ನಿ. ಹೊರಟವರಿಗೆ ಬೇಕಾದದ್ದು ಅದೇ. ಯೋಜನೆ ಹಾಕಿ ಬಹುಕಾಲ ತೆಗೆದುಕೊಂಡು ಮಾಡಿದ ಕೆಲಸಕ್ಕೆ ಗೆಟ್ ಹಗುರವಾಗುತ್ತದೆ. ದೇವಸ್ಥಾನ ಕಟ್ಟಲಾಯಿತು ಎನ್ನಲು ‘ವಾಸ್ ಬಿಲ್ಟ್’ ಎನ್ನಿ, ‘ಗಾಟ್ ಬಿಲ್ಟ್’ ಬೇಡ.

ಮದುವೆಯ ವಿಷಯ: ‘ಗೆಟ್ ಮ್ಯಾರಿಡ್’ ಎಂದರೆ ಮದುವೆಯಾಗುವ ಘಟನೆ, ‘ಬಿ ಮ್ಯಾರಿಡ್’ ಎಂದರೆ ಮದುವೆಯಾಗಿರುವ ಸ್ಥಿತಿ. ಯಾರನ್ನು ಎನ್ನಲು ‘ಟು’ ಬೇಕು. ನಮ್ಮ ‘ಜೊತೆ’ಯನ್ನು ‘ವಿತ್’ ಮಾಡಬೇಡಿ.

ಐದನೇ ಹೆಜ್ಜೆ: ಮಾಡಿಸುವುದು

ಕನ್ನಡ ಬಲ್ಲವರಿಗೆ ಇದು ಸುಲಭವಾಗಬೇಕಿತ್ತು, ಏಕೆಂದರೆ ‘ಇಸು’ ಎಂಬ ಪ್ರತ್ಯಯ ನಮ್ಮಲ್ಲೇ ಇದೆ. ಮಾಡು, ಮಾಡಿಸು. ಕಟ್ಟು, ಕಟ್ಟಿಸು. ತೋಡು, ತೋಡಿಸು. ಆದರೂ ಇಲ್ಲಿ ತಪ್ಪು ಹೆಚ್ಚು. ‘ಐ ಕಟ್ ಮೈ ಹೇರ್’ ಎಂದು ಹೇಳಿದರೆ ನೀವೇ ಕತ್ತರಿ ಹಿಡಿದು ಕತ್ತರಿಸಿಕೊಂಡಿರಿ ಎಂದಾಗುತ್ತದೆ. ಬೇರೆಯವರ ಕೈಯಲ್ಲಿ ಕತ್ತರಿಸಿಕೊಂಡು ಬಂದದ್ದಾದರೆ ‘ಐ ಗಾಟ್ ಮೈ ಹೇರ್ ಕಟ್’.

ಸೂತ್ರ ಹೀಗೆ: ಗೆಟ್, ಆಮೇಲೆ ವಸ್ತು, ಆಮೇಲೆ ಕ್ರಿಯೆಯ ಮೂರನೇ ರೂಪ. ವಸ್ತು ನಡುವೆ ಬರಬೇಕು. ‘ಐ ಗಾಟ್ ಕಟ್ ಮೈ ಹೇರ್’ ಎಂದು ಕ್ರಿಯೆಯನ್ನು ಮುಂದಕ್ಕೆ ತಂದರೆ ವಾಕ್ಯ ಮುರಿಯುತ್ತದೆ.

ಬಾವಿ ತೋಡಿಸಿದೆವು: ‘ವಿ ಗಾಟ್ ಎ ವೆಲ್ ಡಗ್’.
ಅಡಿಕೆ ಕೊನೆ ಕೊಯ್ಸಿದೆವು: ‘ವಿ ಗಾಟ್ ದ ಅರೆಕನಟ್ ಹಾರ್ವೆಸ್ಟೆಡ್’.
ಮಳೆಗಾಲಕ್ಕೆ ಮುಂಚೆ ಹೆಂಚು ಬದಲಾಯಿಸಬೇಕು, ಅಂದರೆ ಆಳು ಕರೆದು: ‘ವಿ ನೀಡ್ ಟು ಗೆಟ್ ದ ಟೈಲ್ಸ್ ಚೇಂಜ್ಡ್’.
ಬೋಟಿನ ಎಂಜಿನ್ ರಿಪೇರಿ ಮಾಡಿಸಿದೆ: ‘ಐ ಗಾಟ್ ದ ಎಂಜಿನ್ ರಿಪೇರ್ಡ್’.

ಕೊನೆಯ ಮುಂಚಿನ ಉದಾಹರಣೆಯಲ್ಲಿ ಕನ್ನಡವೇ ‘ಬದಲಾಯಿಸು’ ಎಂದಿದೆ, ಮಾಡಿಸುವ ಅರ್ಥ ಮೇಲ್ನೋಟಕ್ಕೆ ಕಾಣುವುದಿಲ್ಲ. ‘ಮನೆ ಕಟ್ಟಿದೆವು’ ಎಂದು ನಾವು ಹೇಳುವಾಗಲೂ ಗಾರೆ ಕಲಸಿದವರು ಬೇರೆಯೇ ಇರುತ್ತಾರೆ. ಆದ್ದರಿಂದ ‘ಇಸು’ ಕಾಣಿಸಿದರೆ ಮಾತ್ರ ಗೆಟ್ ಎಂದುಕೊಳ್ಳಬೇಡಿ, ಕೆಲಸ ಮಾಡಿದ ಕೈ ಯಾರದು ಎಂದು ಕೇಳಿ. ಇಂಗ್ಲಿಷಿನವರೂ ಮನೆಯ ವಿಷಯದಲ್ಲಿ ‘ವಿ ಬಿಲ್ಟ್ ಎ ಹೌಸ್’ ಎನ್ನುವುದುಂಟು. ಕೂದಲು, ಬಟ್ಟೆ, ಹಲ್ಲು, ಗಾಡಿಯ ವಿಷಯದಲ್ಲಿ ಮಾತ್ರ ವ್ಯತ್ಯಾಸವನ್ನು ಬಿಗಿಯಾಗಿ ನೋಡುತ್ತಾರೆ.

ಮಾಡುವ ವ್ಯಕ್ತಿಯನ್ನೇ ನಡುವೆ ತಂದರೆ ಸೂತ್ರ ಬದಲಾಗುತ್ತದೆ: ಗೆಟ್, ವ್ಯಕ್ತಿ, ‘ಟು’, ಕ್ರಿಯೆಯ ಮೂಲರೂಪ. ‘ವಿ ಗಾಟ್ ದ ಎಲೆಕ್ಟ್ರಿಷಿಯನ್ ಟು ಚೆಕ್ ದ ವೈರಿಂಗ್’. ಈ ‘ಟು’ ಬಿಟ್ಟುಹೋಗುವುದು ತೀರಾ ಸಾಮಾನ್ಯ. ಅದಕ್ಕೆ ಕಾರಣ ಪಕ್ಕದಲ್ಲೇ ಇರುವ ‘ಮೇಕ್’ ಮತ್ತು ‘ಹ್ಯಾವ್’. ಅವುಗಳಿಗೆ ‘ಟು’ ಬೇಡ: ‘ಮೇಡ್ ಹಿಮ್ ಚೆಕ್’, ‘ಹ್ಯಾಡ್ ಹಿಮ್ ಚೆಕ್’. ಮೂರರ ಭಾವವೂ ಒಂದೇ ಅಲ್ಲ. ‘ಮೇಕ್’ನಲ್ಲಿ ಒತ್ತಾಯವಿದೆ, ‘ಹ್ಯಾವ್’ನಲ್ಲಿ ಕೆಲಸ ಹೇಳುವ ಅಧಿಕಾರವಿದೆ, ‘ಗೆಟ್’ನಲ್ಲಿ ಹೇಳಿ ಕೇಳಿ ಒಪ್ಪಿಸಿದ ಶ್ರಮವಿದೆ. ಕೊಯ್ಲಿನ ಹೊತ್ತಿನಲ್ಲಿ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಸಿಗುವುದು ಎಷ್ಟು ಕಷ್ಟ ಎಂದು ಶಿರಸಿ-ಸಿದ್ದಾಪುರದ ತೋಟದವರಿಗೆ ಗೊತ್ತು. ಅಲ್ಲಿ ‘ಗಾಟ್ ಹಿಮ್ ಟು ಕಮ್’ ಎನ್ನುವುದೇ ಹೊಂದುವ ಮಾತು. ಯಂತ್ರಕ್ಕೂ ಇದು ಸಲ್ಲುತ್ತದೆ: ‘ಐ ಕಾಂಟ್ ಗೆಟ್ ದ ಪಂಪ್ ಟು ಸ್ಟಾರ್ಟ್’, ಪಂಪು ಶುರುವಾಗುತ್ತಲೇ ಇಲ್ಲ.

ಎರಡು ಎಚ್ಚರಿಕೆ. ‘ಐ ವಿಲ್ ಗೆಟ್ ಇಟ್ ಡನ್ ಬೈ ಈವ್ನಿಂಗ್’ ಎಂದರೆ ಬೇರೆಯವರಿಂದ ಮಾಡಿಸುತ್ತೇನೆ ಎಂದೂ ಆಗಬಹುದು, ನಾನೇ ಮುಗಿಸುತ್ತೇನೆ ಎಂದೂ ಆಗಬಹುದು. ಯಾರು ಎಂಬುದು ಮುಖ್ಯವಾಗಿದ್ದರೆ ಬಿಡಿಸಿ ಹೇಳಿ. ಮತ್ತೆ, ‘ಐ ಗಾಟ್ ಮೈ ಫೋನ್ ಸ್ಟೋಲನ್’ ಎಂದು ಪೊಲೀಸ್ ಠಾಣೆಯಲ್ಲಿ ಬರೆದುಕೊಡಬೇಡಿ, ನೀವೇ ಕದಿಸಿದಂತೆ ಧ್ವನಿಸುತ್ತದೆ. ‘ಮೈ ಫೋನ್ ವಾಸ್ ಸ್ಟೋಲನ್’ ಎನ್ನಿ.

‘ಹ್ಯಾವ್ ಗಾಟ್’

ರೂಪ ಗೆಟ್‌ನದು, ಅರ್ಥ ಮಾತ್ರ ‘ಇದೆ’. ‘ವಿವ್ ಗಾಟ್ ಟೂ ರೂಮ್ಸ್’, ನಮ್ಮಲ್ಲಿ ಎರಡು ಕೋಣೆ ಇವೆ. ‘ವಿವ್’ ಎಂಬಲ್ಲಿನ ಆ ‘ವ್’ ಕಿವಿಗೆ ಬೀಳದಷ್ಟು ಸಣ್ಣದು, ಅದಕ್ಕೇ ನಮ್ಮವರು ‘ಐ ಗಾಟ್ ಟೂ ಬ್ರದರ್ಸ್’ ಎಂದು ಕಲಿತುಬಿಡುತ್ತಾರೆ. ಬರೆಯುವಾಗ ‘ಹ್ಯಾವ್’ ಬಿಡಬಾರದು. ಇದಕ್ಕೆ ಭೂತಕಾಲ ಬೇಕಾದರೆ ಸುಮ್ಮನೆ ‘ಹ್ಯಾಡ್’, ಭವಿಷ್ಯಕ್ಕೆ ‘ವಿಲ್ ಹ್ಯಾವ್’. ‘ಐವ್ ಗಾಟ್ ಟು ಗೋ’ ಎಂದರೆ ಹೋಗಲೇಬೇಕು. ಅಮೆರಿಕದವರು ‘ಐವ್ ಗಾಟ್’ ಎಂದರೆ ‘ಇದೆ’, ‘ಐವ್ ಗಾಟನ್’ ಎಂದರೆ ‘ಸಿಕ್ಕಿದೆ’ ಅಥವಾ ‘ಆಗಿದ್ದೇನೆ’.

ಜೊತೆಪದಗಳಲ್ಲಿ ನಿಜಕ್ಕೂ ಬೇಕಾದವು

ಗೆಟ್ ಜೊತೆ ಸೇರುವ ಸಣ್ಣ ಪದಗಳ ಪಟ್ಟಿ ಬಹಳ ಉದ್ದ. ಎಲ್ಲವನ್ನೂ ಒಮ್ಮೆಗೇ ಕಲಿಯುವುದು ವ್ಯರ್ಥ. ನಮ್ಮ ಭಾಗದ ಕೆಲಸಕ್ಕೆ ಬರುವವನ್ನು ಮೊದಲು ಹಿಡಿಯಿರಿ.

‘ಗೆಟ್ ಬ್ಯಾಕ್ ಟು’: ವಿಚಾರಿಸಿ ಆಮೇಲೆ ತಿಳಿಸುವುದು. ಕೋಣೆ ಖಾಲಿ ಇದೆಯೇ ಎಂದು ಕೇಳಿದವರಿಗೆ ‘ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಸಿಕ್ಸ್’. ಸಮಯ ಹೇಳಿದರೆ ಮಾತಿಗೆ ತೂಕ.

‘ಗೆಟ್ ಥ್ರೂ’: ಫೋನ್ ಲೈನ್ ಸಿಗುವುದು. ‘ಐ ಕುಡಂಟ್ ಗೆಟ್ ಥ್ರೂ’. ಪರೀಕ್ಷೆ ಪಾಸಾಗುವುದಕ್ಕೂ ಇದೇ.

‘ಗೆಟ್ ರಿಡ್ ಆಫ್’: ತೊಲಗಿಸುವುದು. ಮಳೆಗಾಲದಲ್ಲಿ ಕಾಡು ಸುತ್ತಲು ಬಂದವರು ಉಂಬಳದ (ಜಿಗಣೆಯ) ಬಗ್ಗೆ ಕೇಳುವ ಪ್ರಶ್ನೆ ಇದರಿಂದಲೇ ಶುರುವಾಗುತ್ತದೆ.

‘ಗೆಟ್ ಯೂಸ್ಡ್ ಟು’: ಒಗ್ಗಿಕೊಳ್ಳುವುದು. ಇದರ ಮುಂದೆ ಹೆಸರುಪದ ಅಥವಾ ‘ಇಂಗ್’ ರೂಪ ಬರಬೇಕು: ‘ಗೆಟ್ ಯೂಸ್ಡ್ ಟು ದ ಹೀಟ್’, ‘ಗೆಟ್ ಯೂಸ್ಡ್ ಟು ವಾಕಿಂಗ್’. ‘ಟು ವಾಕ್’ ಎಂದರೆ ತಪ್ಪು.

‘ಗೆಟ್ ಓವರ್’: ಕಾಯಿಲೆಯಿಂದ, ದುಃಖದಿಂದ ಚೇತರಿಸಿಕೊಳ್ಳುವುದು. ಕಾರ್ಯಕ್ರಮ ಮುಗಿಯಿತು ಎನ್ನಲು ‘ಗಾಟ್ ಓವರ್’ ಎನ್ನುವುದು ಭಾರತದ ರೂಢಿ. ಹೊರಗಿನವರೊಡನೆ ‘ಫಿನಿಶ್ಡ್’ ಅಥವಾ ‘ವಾಸ್ ಓವರ್’ ಬಳಸಿ.

‘ಗೆಟ್ ಅಲಾಂಗ್ ವಿತ್’ ಹೊಂದಿಕೊಂಡು ಹೋಗುವುದು, ‘ಗೆಟ್ ಬೈ’ ಇದ್ದುದರಲ್ಲೇ ಸುಧಾರಿಸುವುದು. ‘ವೇಕ್ ಅಪ್’ ಎಂದರೆ ಎಚ್ಚರವಾಗುವುದು, ‘ಗೆಟ್ ಅಪ್’ ಎಂದರೆ ಹಾಸಿಗೆ ಬಿಟ್ಟು ಏಳುವುದು. ನಾವು ವೇಷಭೂಷಣಕ್ಕೆ ಹೇಳುವ ‘ಗೆಟಪ್’ ಇದರಿಂದಲೇ ಆದ ಹೆಸರುಪದ.

ಎಲ್ಲಿ ಬಿಡಬೇಕು

ಬ್ಯಾಂಕಿಗೆ, ಪಂಚಾಯ್ತಿಗೆ, ಕಾಲೇಜಿಗೆ ಬರೆಯುವ ಅರ್ಜಿಯಲ್ಲಿ ಗೆಟ್ ಕಡಿಮೆ ಇರಲಿ. ಬಂತು ಎನ್ನಲು ‘ರಿಸೀವ್’, ಪ್ರಯತ್ನಪಟ್ಟು ಪಡೆದದ್ದಕ್ಕೆ ‘ಅಬ್ಟೇನ್’, ಆಗು ಎನ್ನಲು ‘ಬಿಕಮ್’, ತಲುಪು ಎನ್ನಲು ‘ಅರೈವ್’. ‘ಐ ಹ್ಯಾವ್ ನಾಟ್ ಗಾಟ್ ಮೈ ಪಾಸ್‌ಬುಕ್’ ಎಂಬುದನ್ನು ‘ಐ ಹ್ಯಾವ್ ನಾಟ್ ರಿಸೀವ್ಡ್ ಮೈ ಪಾಸ್‌ಬುಕ್’ ಎಂದು ಬದಲಿಸಿ. ‘ಎ ಲೆಟರ್ ವಾಸ್ ಗಾಟ್’ ಎಂಬ ಕರ್ಮಣಿ ಪ್ರಯೋಗವಂತೂ ಇಲ್ಲವೇ ಇಲ್ಲ. ಮಾತಿನಲ್ಲಿ ಇದು ತಿರುಗುಮುರುಗು: ಚಾ ಕೇಳುವಾಗ ‘ಅಬ್ಟೇನ್’ ಎಂದರೆ ಕಚೇರಿಯ ಕಾಗದ ಓದಿದಂತಾಗುತ್ತದೆ. ಮಾತಿಗೆ ಗೆಟ್, ಅರ್ಜಿಗೆ ಉಳಿದವು.

ಕೈಯಾರೆ ಮಾಡಿ ನೋಡಿ

ಈ ಸಾಲುಗಳನ್ನು ಒಂದು ಕಾಗದದಲ್ಲಿ ಇಂಗ್ಲಿಷಿಗೆ ತನ್ನಿ, ಆಮೇಲೆ ಕೆಳಗಿನ ಉತ್ತರ ನೋಡಿ: ಬಸ್ ತಡವಾಯಿತು. ಹೊನ್ನಾವರ ತಲುಪುವಾಗ ಕತ್ತಲಾಗುತ್ತಿತ್ತು. ಬಸ್ಸಿನಿಂದ ಇಳಿದಾಗ ಮಳೆಯಲ್ಲಿ ಒದ್ದೆಯಾದೆವು. ಆಟೊ ಸಿಗಲಿಲ್ಲ. ಹೋಮ್‌ಸ್ಟೇಯವರಿಗೆ ಹೇಳಿ ಕಾರು ಕಳಿಸುವಂತೆ ಒಪ್ಪಿಸಿದೆವು. ಈಗ ನನಗೆ ಶೀತವಾಗಿದೆ. ಬಟ್ಟೆ ಒಗೆಸಬೇಕು.

ಮೊದಲನೆಯದು ‘ದ ಬಸ್ ಗಾಟ್ ಡಿಲೇಡ್’, ನಾಲ್ಕನೇ ಹೆಜ್ಜೆ. ಎರಡನೆಯದರಲ್ಲಿ ಎರಡು ಗೆಟ್: ‘ಇಟ್ ವಾಸ್ ಗೆಟಿಂಗ್ ಡಾರ್ಕ್ ವೆನ್ ವಿ ಗಾಟ್ ಟು ಹೊನ್ನಾವರ’, ‘ಇಟ್’ ಬರೆದಿರಾ, ‘ಟು’ ಬರೆದಿರಾ ನೋಡಿಕೊಳ್ಳಿ. ಮೂರನೆಯದು ‘ವಿ ಗಾಟ್ ವೆಟ್ ವೆನ್ ವಿ ಗಾಟ್ ಆಫ್ ದ ಬಸ್’. ‘ಗಾಟ್ ಡೌನ್’ ಬರೆದಿದ್ದರೆ ತಿದ್ದಿ. ನಾಲ್ಕನೆಯದು ‘ವಿ ಕುಡಂಟ್ ಗೆಟ್ ಆನ್ ಆಟೊ’. ಇಲ್ಲಿರುವ ‘ಆನ್’ ಎಂಬುದು ಆಟೊ ಎಂಬ ಸ್ವರದಿಂದ ಶುರುವಾಗುವ ಪದಕ್ಕೆ ಹಚ್ಚಿದ ‘ಒಂದು’ ಎಂಬರ್ಥದ ಪದ, ಹತ್ತುವ ‘ಆನ್’ ಅಲ್ಲ. ಇಂಗ್ಲಿಷಿನಲ್ಲಿ ಎರಡರ ಕಾಗುಣಿತವೂ ಉಚ್ಚಾರವೂ ಬೇರೆ. ಐದನೆಯದು ‘ವಿ ಗಾಟ್ ದ ಹೋಮ್‌ಸ್ಟೇ ಓನರ್ ಟು ಸೆಂಡ್ ಎ ಕಾರ್’, ವ್ಯಕ್ತಿ ಬಂದದ್ದರಿಂದ ‘ಟು’. ಆರನೆಯದು ‘ನೌ ಐ ಹ್ಯಾವ್ ಎ ಕೋಲ್ಡ್’, ಇಲ್ಲವೇ ‘ಐವ್ ಗಾಟ್ ಎ ಕೋಲ್ಡ್’. ‘ಐ ಆಮ್ ಗೆಟಿಂಗ್ ಕೋಲ್ಡ್’ ಬರೆದಿದ್ದರೆ ಅದರ ಅರ್ಥ ನನಗೆ ಚಳಿಯಾಗುತ್ತಿದೆ ಎಂದು, ಶೀತ ಅದರಲ್ಲಿಲ್ಲ. ಏಳನೆಯದು ‘ಐ ನೀಡ್ ಟು ಗೆಟ್ ಮೈ ಕ್ಲೋತ್ಸ್ ವಾಶ್ಡ್’. ಬಟ್ಟೆ ನಡುವೆ, ‘ವಾಶ್ಡ್’ ಕೊನೆಗೆ. ತಪ್ಪಿದ ಸಾಲು ಯಾವ ಹೆಜ್ಜೆಯದೋ ಆ ಭಾಗವನ್ನು ಮಾತ್ರ ಮತ್ತೆ ಓದಿ, ನಿಮ್ಮ ಕೆಲಸದ ಮಾತುಗಳಿಂದಲೇ ಅದೇ ಅಚ್ಚಿನ ಐದಾರು ವಾಕ್ಯ ಬರೆದು ಗಟ್ಟಿಯಾಗಿ ಹೇಳಿ.